ನಮ್ಮ ಖಾತೆ, ಅವರ ಪಾಸ್‌ವರ್ಡ್

ಸಿಇಟಿ ಫಲಿತಾಂಶ ಬಂದ ಮೇಲಿನ ವಾರಗಳಲ್ಲಿ ನಮ್ಮ ಜಮಖಂಡಿ ಸೀಮೆಯ ಸಾವಳಗಿಯ ಆನ್‌ಲೈನ್ ಸೆಂಟರ್‌ಗಳಿಗೆ ಬಿಡುವಿರುವುದಿಲ್ಲ. ಮುಂದೆ ಝೆರಾಕ್ಸ್ ಮಷೀನು, ಹಿಂದೆ ಒಂದೆರಡು ಕಂಪ್ಯೂಟರು, ಬಾಗಿಲಲ್ಲಿ ಮಾರ್ಕ್ಸ್ ಕಾರ್ಡ್ ಹಿಡಿದ ಹುಡುಗ ಹುಡುಗಿಯರು, ಅವರ ಬೆನ್ನಿಗೆ ಕಬ್ಬಿನ ಹೊಲದಿಂದ ಎದ್ದು ಬಂದ ಅಪ್ಪಂದಿರು. “ಕಾಕಾ, ಓಟಿಪಿ ಬಂದಿರಬೇಕು ನೋಡ್ರಿ, ಲಗೂನ ಹೇಳ್ರಿ” ಎಂದು ಕುರ್ಚಿಯಲ್ಲಿ ಕೂತವನು ಕೇಳುತ್ತಾನೆ. ಕಾಕಾ ಮೊಬೈಲನ್ನೇ ಅವನ ಕೈಗೆ ಕೊಡುತ್ತಾರೆ: “ನೀನ ನೋಡಪಾ, ನನಗ ಸಣ್ಣ ಅಕ್ಷರ ಕಾಣಂಗಿಲ್ಲ.” ಪಾಸ್‌ವರ್ಡ್ ಏನಿಡೋಣ ಎಂಬ ಮಾತು ಅಲ್ಲಿ ಬರುವುದೇ ಅಪರೂಪ. ಹುಡುಗನ ಹೆಸರು, ಅದರ ಮುಂದೆ ಒಂದು ಅಟ್ ಚಿಹ್ನೆ, ಕೊನೆಗೆ ಒಂದು ಎರಡು ಮೂರು. ಸಾಲಿನಲ್ಲಿ ಹಿಂದೆ ನಿಂತವಳಿಗೂ ಅದೇ ಅಚ್ಚು. ಹೆಸರಷ್ಟೇ ಬೇರೆ.

ಇದರಿಂದ ಕೆಡುವುದೇನು ಎಂದು ಕೇಳುವವರು 2024ರ ನವೆಂಬರಿನಲ್ಲಿ ಬೆಂಗಳೂರಿನ ಮಲ್ಲೇಶ್ವರ ಠಾಣೆಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಕೊಟ್ಟ ದೂರನ್ನು ನೆನಪಿಸಿಕೊಳ್ಳಬೇಕು. ಆ ವರ್ಷದ ಎಂಜಿನಿಯರಿಂಗ್ ಸೀಟು ಹಂಚಿಕೆ ಮುಗಿದಾಗ ಬೇಡಿಕೆಯ ಕಾಲೇಜುಗಳ ಬೇಡಿಕೆಯ ಸೀಟುಗಳನ್ನೇ ಪಡೆದವರು ಸೇರಲು ಬಂದಿರಲಿಲ್ಲ. ಪ್ರಾಧಿಕಾರ ದಾಖಲೆ ತೆಗೆದು ನೋಡಿದಾಗ ಬೇರೆ ಬೇರೆ ಅಭ್ಯರ್ಥಿಗಳ ಆಯ್ಕೆಗಳು ಒಂದೇ ಐಪಿ ವಿಳಾಸದಿಂದ, ಅಂದರೆ ಒಂದೇ ಇಂಟರ್‌ನೆಟ್ ಸಂಪರ್ಕದಿಂದ, ದಾಖಲಾಗಿದ್ದವು. ಸೀಟು ಬೇಡವೆಂದು ಸುಮ್ಮನಿದ್ದ ಅಭ್ಯರ್ಥಿಗಳ ಲಾಗಿನ್ ಐಡಿ, ಪಾಸ್‌ವರ್ಡ್ ಹಿಡಿದು ಬೇರೆ ಯಾರೋ ಒಳಹೊಕ್ಕು ಆಯ್ಕೆ ತುಂಬಿದ್ದರು. ಸೀಟು ಹಂಚಿಕೆಯಾಗುತ್ತಿತ್ತು, ಯಾರೂ ಸೇರುತ್ತಿರಲಿಲ್ಲ, ಕೊನೆಯ ಸುತ್ತು ಮುಗಿದ ಮೇಲೆ ಖಾಲಿ ಉಳಿದ ಸೀಟು ಆಡಳಿತ ಮಂಡಳಿಯ ಪಾಲಾಗಿ ಲಕ್ಷಗಳಿಗೆ ಮಾರಾಟವಾಗುತ್ತಿತ್ತು ಎಂಬುದು ಆರೋಪ. ಡಿಸೆಂಬರಿನಲ್ಲಿ ಪೊಲೀಸರು ಹತ್ತು ಮಂದಿಯನ್ನು ಬಂಧಿಸಿದರು. ಅವರಲ್ಲಿ ಒಬ್ಬ ಪ್ರಾಧಿಕಾರದಲ್ಲೇ ಕೆಲಸ ಮಾಡುತ್ತಿದ್ದವನು.

ಇಲ್ಲಿ ಯಾರೂ ಕತ್ತಲ ಕೋಣೆಯಲ್ಲಿ ಕುಳಿತು ಕಂಪ್ಯೂಟರ್ ಭೇದಿಸಲಿಲ್ಲ. ಪಾಸ್‌ವರ್ಡ್ ಇದ್ದವರು ಪಾಸ್‌ವರ್ಡ್ ಕೊಟ್ಟರು, ಬಾಗಿಲು ತೆರೆಯಿತು. ಅದಕ್ಕಿಂತ ಚಿಂತೆಯ ಸಂಗತಿ ಇನ್ನೊಂದಿದೆ. ಹತ್ತಾರು ಮಕ್ಕಳ ಆಯ್ಕೆ ಒಂದೇ ಐಪಿ ವಿಳಾಸದಿಂದ ಬಂದರೆ ಅನುಮಾನ ಎಂದಾದರೆ, ಸಾವಳಗಿಯಲ್ಲೋ ತೇರದಾಳದಲ್ಲೋ ಒಂದೇ ಅಂಗಡಿಯ ಒಂದೇ ಕಂಪ್ಯೂಟರಿನಿಂದ ಪ್ರಾಮಾಣಿಕವಾಗಿ ಆಯ್ಕೆ ತುಂಬಿದ ಮಕ್ಕಳೂ ದಾಖಲೆಯಲ್ಲಿ ಹಾಗೆಯೇ ಕಾಣುತ್ತಾರೆ. ನಾನು ತುಂಬಲಿಲ್ಲ ಎಂದು ಹೇಳಬೇಕಾದ ದಿನ ಬಂದರೆ, ನನ್ನ ಪಾಸ್‌ವರ್ಡ್ ನನಗೊಬ್ಬನಿಗೇ ಗೊತ್ತಿತ್ತು ಎಂದು ಹೇಳಲು ಬರಬೇಕಲ್ಲ?

ಪಾಸ್‌ವರ್ಡ್ ಬಗ್ಗೆ ನಮಗೆ ಸಿಗುವ ಉಪದೇಶವೆಲ್ಲ ಸ್ವಂತ ಲ್ಯಾಪ್‌ಟಾಪ್, ಸ್ವಂತ ಕೋಣೆ, ಸ್ವಂತ ಇ-ಮೇಲ್ ಇರುವ ಮನುಷ್ಯನನ್ನು ಕಣ್ಣಮುಂದೆ ಇಟ್ಟುಕೊಂಡು ಬರೆದದ್ದು. ದೊಡ್ಡಕ್ಷರ ಹಾಕಿ, ಚಿಹ್ನೆ ಹಾಕಿ, ಯಾರಿಗೂ ಹೇಳಬೇಡಿ ಎನ್ನುತ್ತದೆ. ಜಮಖಂಡಿ ಸೀಮೆಯ ರೈತನ ಪಿಎಂ ಕಿಸಾನ್, ಬನಹಟ್ಟಿ ನೇಕಾರನ ಮಗಳ ವಿದ್ಯಾರ್ಥಿವೇತನ, ಮುಧೋಳದ ಅಜ್ಜಿಯ ಪಿಂಚಣಿ, ಇವೆಲ್ಲದರ ಬೀಗ ಹಾಕಿದವರೇ ಬೇರೆ. ನಮ್ಮ ಕಡೆ ಪಾಸ್‌ವರ್ಡ್ ಕದಿಯುವ ಅಗತ್ಯವೇ ಕಡಿಮೆ. ನಾವೇ ಕೊಟ್ಟಿರುತ್ತೇವೆ, ಇಲ್ಲವೇ ಅದು ಹುಟ್ಟಿದ್ದೇ ಇನ್ನೊಬ್ಬರ ಕೈಯಲ್ಲಿ.

ಅಂಗಡಿಯವರನ್ನು ದೂರುವುದು ಸುಲಭ, ಆದರೆ ಅದು ನ್ಯಾಯವಲ್ಲ. ಸರ್ಕಾರ ಎಲ್ಲವನ್ನೂ ಆನ್‌ಲೈನ್ ಮಾಡಿ ಕೈ ತೊಳೆದುಕೊಂಡಾಗ ಐವತ್ತು ರೂಪಾಯಿಗೆ ನಮ್ಮ ಅರ್ಜಿ ತುಂಬಿದವರು ಅವರೇ. ನಾಳೆ ಬಂದು “ಪಾಸ್‌ವರ್ಡ್ ಮರತೇನ್ರಿ” ಎನ್ನುವ ಗಿರಾಕಿಗಾಗಿ ಅವರು ಒಂದು ರಿಜಿಸ್ಟರ್ ಇಟ್ಟಿರುತ್ತಾರೆ. ಹೆಸರು, ಆಧಾರ್ ಸಂಖ್ಯೆ, ಐಡಿ, ಪಾಸ್‌ವರ್ಡ್ ಎಲ್ಲ ಒಂದೇ ಸಾಲಿನಲ್ಲಿ. ಮಾಲೀಕ ಒಳ್ಳೆಯವನೇ ಇರಬಹುದು. ಆದರೆ ಆರು ತಿಂಗಳಿಗೊಮ್ಮೆ ಬದಲಾಗುವ ಕೆಲಸದ ಹುಡುಗರು, ಟೇಬಲ್ ಮೇಲೆ ತೆರೆದೇ ಬಿದ್ದ ಪುಸ್ತಕ, ಪಾಸ್‌ವರ್ಡ್ ಉಳಿಸಿಡಲೇ ಎಂದು ಕೇಳಿದಾಗಲೆಲ್ಲ ಹೂಂ ಎಂದ ಕಂಪ್ಯೂಟರು, ಇವಕ್ಕೆ ಒಳ್ಳೆಯತನ ಕೆಟ್ಟತನ ಗೊತ್ತಿರುವುದಿಲ್ಲ. ಆಧಾರ್ ಕಾರ್ಡಿನ ಫೋಟೋವನ್ನು “ಈ ನಂಬರಿಗೆ ಬಿಡ್ರಿ” ಎಂದಾಗ ಕಳಿಸುತ್ತೇವಲ್ಲ, ಪ್ರಿಂಟ್ ಆದ ಮೇಲೂ ಅದು ಆ ಫೋನಿನಲ್ಲೇ ಇರುತ್ತದೆ.

ಇದರಲ್ಲಿ ಎಲ್ಲಕ್ಕಿಂತ ಮೊದಲು ಸರಿಪಡಿಸಬೇಕಾದದ್ದು ಇ-ಮೇಲ್. ಹತ್ತನೆಯ ತರಗತಿ ಮುಗಿದಾಗ ಅಂಗಡಿಯಲ್ಲಿ ತೆರೆದ ಜಿಮೇಲ್ ಖಾತೆಗೆ, ಮರೆತಾಗ ಮರಳಿ ಪಡೆಯಲೆಂದು ಕೊಟ್ಟ ಮೊಬೈಲ್ ಸಂಖ್ಯೆ ಯಾರದು? ಬಹಳ ಸಲ ಅಂಗಡಿಯದೇ, ಅಥವಾ ಆಗ ಮನೆಯಲ್ಲಿದ್ದ, ಈಗ ಬಂದಾಗಿರುವ ಸಂಖ್ಯೆ. ಉಳಿದ ಎಷ್ಟೋ ಖಾತೆಗಳ ಪಾಸ್‌ವರ್ಡ್ ಮರೆತರೆ ಹೊಸದು ಬರುವುದು ಈ ಇ-ಮೇಲ್‌ಗೆ. ಇದು ಹೋದರೆ ಅವೆಲ್ಲವೂ ಹೋದಂತೆ. ಆದ್ದರಿಂದ ನಿಮ್ಮ ಫೋನಿನಲ್ಲಿ ಗೂಗಲ್ ಖಾತೆಯ ಭದ್ರತೆ ಎಂಬ ಪುಟ ತೆರೆದು, ಮರುಪಡೆಯುವ ಸಂಖ್ಯೆ ನಿಮ್ಮದೇ ಹೌದೋ ನೋಡಿ. ಅಲ್ಲೇ ಕೆಳಗೆ ಆ ಖಾತೆ ಯಾವ ಯಾವ ಸಾಧನಗಳಲ್ಲಿ ತೆರೆದಿದೆ ಎಂಬ ಪಟ್ಟಿ ಇರುತ್ತದೆ. ಎಂದೋ ಹೋಗಿದ್ದ ಅಂಗಡಿಯ ಕಂಪ್ಯೂಟರು ಅಲ್ಲಿ ಕಾಣಿಸಿದರೆ ಸೈನ್ ಔಟ್ ಮಾಡಿ, ಪಾಸ್‌ವರ್ಡ್ ಬದಲಿಸಿ. ವಾಟ್ಸ್‌ಆ್ಯಪ್‌ನಲ್ಲೂ ಲಿಂಕ್ ಆದ ಸಾಧನಗಳು ಎಂಬ ಇಂಥದೇ ಪಟ್ಟಿ ಇದೆ. ಪ್ರಿಂಟ್ ತೆಗೆಯಲೆಂದು ಒಮ್ಮೆ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಬಂದವರು ಅದನ್ನೂ ನೋಡಲೇಬೇಕು.

ಅಂಗಡಿಗೆ ಹೋಗಲೇಬೇಡಿ ಎನ್ನುವುದು ಹುಚ್ಚು ಮಾತು. ಹೋಗಿ, ಅರ್ಜಿ ಅವರೇ ತುಂಬಲಿ. ಪಾಸ್‌ವರ್ಡ್ ಜಾಗ ಬಂದಾಗ ಮಾತ್ರ ಕೀಬೋರ್ಡನ್ನು ಈ ಕಡೆ ತಿರುಗಿಸಿಕೊಂಡು ನೀವೇ ಒತ್ತಿ. ಬರುವುದಿಲ್ಲ ಎಂದಾದರೆ ಅವರಿಂದಲೇ ಹಾಕಿಸಿ, ಸಂಜೆ ಮನೆಗೆ ಹೋಗಿ ಮಕ್ಕಳ ಕೈಯಿಂದ ಬದಲಾಯಿಸಿ. ಒಳ್ಳೆಯ ಅಂಗಡಿಯವನು ಇದಕ್ಕೆ ಬೇಸರಪಡುವುದಿಲ್ಲ. ಬೇಸರಪಟ್ಟರೆ ಊರಲ್ಲಿ ಇನ್ನೊಂದು ಅಂಗಡಿ ಇದ್ದೇ ಇರುತ್ತದೆ.

ಪಾಸ್‌ವರ್ಡಿನ ಚರಿತ್ರೆಯೂ ಒಳಗಿನವರ ಕಥೆಯಿಂದಲೇ ಶುರುವಾಗುತ್ತದೆ ಎಂಬುದು ತಮಾಷೆ. 1960ರ ದಶಕದ ಆರಂಭದಲ್ಲಿ ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ ಅವರ ತಂಡ ಒಂದೇ ಕಂಪ್ಯೂಟರನ್ನು ಹಲವರು ಹಂಚಿಕೊಂಡು ಬಳಸುವ ವ್ಯವಸ್ಥೆ ಕಟ್ಟಿತು. ಒಬ್ಬರ ಕಡತ ಇನ್ನೊಬ್ಬರಿಗೆ ಕಾಣದಿರಲೆಂದು ತಲೆಗೊಂದು ಪಾಸ್‌ವರ್ಡ್ ಕೊಟ್ಟರು. 1962ರಲ್ಲಿ ಅಲ್ಲಿಯ ಸಂಶೋಧಕ ಅಲನ್ ಶೆರ್, ತನ್ನ ಪಾಲಿನ ಕಂಪ್ಯೂಟರ್ ಸಮಯ ಸಾಲದೆಂದು, ಎಲ್ಲರ ಪಾಸ್‌ವರ್ಡ್ ಇದ್ದ ಕಡತವನ್ನೇ ಮುದ್ರಿಸಿಕೊಂಡ. ಯಂತ್ರಕ್ಕೆ ಒಂದು ಕೋರಿಕೆ ಸಲ್ಲಿಸಿದ್ದಷ್ಟೇ ಅವನು ಮಾಡಿದ ಕಸರತ್ತು.

ಹೊರಗಿನವರ ಕಾಟ ಇಲ್ಲವೆಂದಲ್ಲ. ಬೆಂಗಳೂರಿನ ಕಿರಾಣಿ ಕಂಪನಿ ಬಿಗ್‌ಬಾಸ್ಕೆಟ್‌ನ ಸುಮಾರು 2 ಕೋಟಿ ಗ್ರಾಹಕರ ವಿವರ 2020ರ ಕೊನೆಯಲ್ಲಿ ಕಳ್ಳ ಜಾಲತಾಣದಲ್ಲಿ ಮಾರಾಟಕ್ಕೆ ಬಂದದ್ದು ಕಂಡುಬಂತು. ಕಂಪನಿ ಬೆಂಗಳೂರಿನ ಸೈಬರ್ ಅಪರಾಧ ಪೊಲೀಸರಿಗೆ ದೂರು ಕೊಟ್ಟಿತು. ಮುಂದಿನ ಏಪ್ರಿಲ್‌ನಲ್ಲಿ ಅದೇ ಮಾಹಿತಿ ಪುಕ್ಕಟೆಯಾಗಿ ಸಿಗತೊಡಗಿತು. ಇ-ಮೇಲ್, ಫೋನ್, ಮನೆ ವಿಳಾಸದ ಜೊತೆ ಪಾಸ್‌ವರ್ಡ್‌ಗಳೂ ಅದರಲ್ಲಿದ್ದವು. ನೇರವಾಗಿ ಅಲ್ಲ, ಹ್ಯಾಶ್ ಆದ ರೂಪದಲ್ಲಿ. ನಮ್ಮಲ್ಲಿ ಬಿಗ್‌ಬಾಸ್ಕೆಟ್ ಎಲ್ಲಿದೆ ಎಂದು ನಗಬೇಡಿ. ಬೆಂಗಳೂರಿನಲ್ಲಿ ಕೋಣೆ ಮಾಡಿಕೊಂಡಿರುವ ನಮ್ಮ ಹುಡುಗರ ಅಕ್ಕಿ ಬೇಳೆ ಬರುವುದು ಇಂಥ ಆ್ಯಪ್‌ಗಳಿಂದಲೇ.

ಹ್ಯಾಶ್ ಎಂದರೆ ಪಾಸ್‌ವರ್ಡನ್ನು ಒಂದು ಗಣಿತದ ಸೂತ್ರಕ್ಕೆ ಹಾಕಿ ಹೊರತೆಗೆದ ಅಂಕಿ ಅಕ್ಷರಗಳ ಸಾಲು. ಆ ಸಾಲಿನಿಂದ ಹಿಂದಕ್ಕೆ ಹೋಗಿ ಮೂಲ ಪಾಸ್‌ವರ್ಡ್ ತಿಳಿಯಲು ಬರುವುದಿಲ್ಲ. ಆದರೆ ಮುಂದಕ್ಕೆ ಹೋಗಲು ಬರುತ್ತದೆ. ಕಳ್ಳನು ಒಂದು ಊಹೆ ಮಾಡುತ್ತಾನೆ, ಅದನ್ನೇ ಸೂತ್ರಕ್ಕೆ ಹಾಕುತ್ತಾನೆ, ಬಂದ ಸಾಲು ಕದ್ದ ಸಾಲಿಗೆ ಹೊಂದಿತೋ ನೋಡುತ್ತಾನೆ. ಹೊಂದಿದರೆ ಪಾಸ್‌ವರ್ಡ್ ಸಿಕ್ಕಿತು. ಬಿಗ್‌ಬಾಸ್ಕೆಟ್‌ನ ಕಡತದಲ್ಲಿದ್ದದ್ದು ಎಸ್‌ಎಚ್‌ಎ-1 ಎಂಬ ಹಳೆಯ ಸೂತ್ರ ಎಂದು ಆಗ ವರದಿಯಾಯಿತು. ಅದರ ದೋಷ ಅದರ ವೇಗ. ಹುಡುಗರು ಗೇಮ್ ಆಡಲು ಕೊಳ್ಳುವ ಒಂದು ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇಂಥ ಸೂತ್ರದಲ್ಲಿ ಸೆಕೆಂಡಿಗೆ 5,000 ಕೋಟಿಯಷ್ಟು ಊಹೆ ಮಾಡಬಲ್ಲದು. ಇಪ್ಪತ್ತು ಲಕ್ಷ ಪಾಸ್‌ವರ್ಡ್ ಬಿಡಿಸಿದ್ದೇವೆಂದು ಆ ಕಳ್ಳಸಂತೆಯಲ್ಲಿ ಕೆಲವರು ಹೇಳಿಕೊಂಡರು.

ಈ ಲೆಕ್ಕವನ್ನು ನಮ್ಮ ರೂಢಿಗೆ ಹಚ್ಚಿ ನೋಡಿ. ಮೊಬೈಲ್ ಸಂಖ್ಯೆಯನ್ನೇ ಪಾಸ್‌ವರ್ಡ್ ಮಾಡಿದವರು ಹತ್ತು ಅಂಕಿ ಇದೆ ಎಂದು ಧೈರ್ಯವಾಗಿರುತ್ತಾರೆ. ನಮ್ಮ ದೇಶದ ಮೊಬೈಲ್ ಸಂಖ್ಯೆಗಳು 6, 7, 8, 9ರಿಂದಷ್ಟೇ ಶುರುವಾಗುತ್ತವೆ. ಸಾಧ್ಯವಿರುವ ಸಂಖ್ಯೆ ಒಟ್ಟು 400 ಕೋಟಿ. ಅಷ್ಟನ್ನೂ ಜಾಲಾಡಲು ಆ ಕಾರ್ಡಿಗೆ ಒಂದು ಸೆಕೆಂಡೂ ಬೇಡ. ಹುಟ್ಟಿದ ದಿನಾಂಕವಂತೂ ನೂರು ವರ್ಷದ್ದೆಲ್ಲ ಸೇರಿಸಿದರೂ 37 ಸಾವಿರ ದಾಟುವುದಿಲ್ಲ. ಹೆಸರಿನ ಮುಂದೆ ಅಟ್ ಚಿಹ್ನೆ, ಒಂದು ಎರಡು ಮೂರು? ಭಾರತದ ಹೆಸರುಗಳ ಪಟ್ಟಿ ಕಳ್ಳರ ಬಳಿ ಎಂದೋ ಇದೆ, ಈ ಬಾಲವೂ ಆ ಪಟ್ಟಿಯಲ್ಲೇ ಇದೆ. ಬಸವೇಶ್ವರ, ಮಲ್ಲಯ್ಯ, ಯಲ್ಲಮ್ಮ ಎಂದು ಮನೆದೇವರ ಹೆಸರಿಟ್ಟವರಿಗೂ ಇದೇ ಮಾತು. ದೇವರು ಕಾಯುವ ಕೆಲಸಗಳ ಪಟ್ಟಿಯಲ್ಲಿ ಇದು ಬರುವುದಿಲ್ಲ.

ಹಾಗಾದರೆ ಏನಿಡಬೇಕು? ದೊಡ್ಡಕ್ಷರ, ಸಣ್ಣಕ್ಷರ, ಅಂಕಿ, ಚಿಹ್ನೆ ಎಲ್ಲ ಕಲಸಿ, ಮೂರು ತಿಂಗಳಿಗೊಮ್ಮೆ ಬದಲಿಸಿ ಎಂಬ ಮಾತನ್ನು ಕೇಳಿ ಕೇಳಿ ನಮ್ಮ ಕಿವಿ ದಣಿದಿದೆ. ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿಗಾಗಿ 2003ರಲ್ಲಿ ಆ ನಿಯಮಾವಳಿ ಬರೆದವರು ಬಿಲ್ ಬರ್. 2017ರಲ್ಲಿ, ನಿವೃತ್ತಿಯ ನಂತರ, ಅದರ ಬಹುಪಾಲಿಗೆ ವಿಷಾದಿಸುತ್ತೇನೆಂದು ಅವರೇ ಪತ್ರಿಕೆಯೊಂದಕ್ಕೆ ಹೇಳಿದರು. ಬದಲಿಸು ಎಂದಾಗ ಜನ ಕೊನೆಯ ಒಂದನ್ನು ಎರಡು ಮಾಡುತ್ತಾರೆ, ಚಿಹ್ನೆ ಹಾಕು ಎಂದಾಗ ಅಟ್ ಹಾಕುತ್ತಾರೆ, ಇದು ಕಳ್ಳರಿಗೂ ಗೊತ್ತು. ಅದೇ ವರ್ಷ ಆ ಸಂಸ್ಥೆ ಕಾಲಕಾಲಕ್ಕೆ ಬದಲಿಸುವ ಕಡ್ಡಾಯವನ್ನು ಕೈಬಿಟ್ಟು, ಉದ್ದಕ್ಕೆ ಒತ್ತು ಕೊಟ್ಟಿತು. ನಮ್ಮ ಎಷ್ಟೋ ಕಚೇರಿಗಳ ಜಾಲತಾಣಗಳು ಇನ್ನೂ 2003ರಲ್ಲೇ ಇವೆ.

ಉದ್ದಕ್ಕೆ ಸುಲಭದ ದಾರಿ ಪದಗಳು. 1995ರಲ್ಲಿ ಆರ್ನಾಲ್ಡ್ ರೈನ್‌ಹೋಲ್ಡ್ ಎಂಬವರು 7,776 ಪದಗಳ ಪಟ್ಟಿ ಮಾಡಿ, ದಾಳ ಉರುಳಿಸಿ ಪದ ಆರಿಸುವ ಕ್ರಮ ಹೇಳಿಕೊಟ್ಟರು. ಮನಸ್ಸು ಆರಿಸಿದರೆ ಮಗಳ ಹೆಸರೇ ಬರುತ್ತದೆ, ದಾಳಕ್ಕೆ ಮಗಳಿಲ್ಲ. ಅಂಥ ಪಟ್ಟಿಯಿಂದ ನಾಲ್ಕು ಪದ ಎತ್ತಿದರೆ ಮೇಲಿನ ಕಾರ್ಡಿಗೆ ಎಲ್ಲ ಜೋಡಣೆ ತಡಕಲು ಒಂದು ದಿನವೂ ಬೇಡ. ಐದು ಎತ್ತಿದರೆ ಸುಮಾರು 18 ವರ್ಷ. ಆರಾದರೆ 1 ಲಕ್ಷ 40 ಸಾವಿರ ವರ್ಷ. ಒಂದೊಂದು ಪದ ಕೂಡಿದಾಗಲೂ ಕಳ್ಳನ ಕೆಲಸ ಏಳು ಸಾವಿರ ಪಟ್ಟು ಮೀರಿ ಬೆಳೆಯುತ್ತದೆ.

ನಮಗೆ ಆ ಪಟ್ಟಿಯೇ ಬೇಕೆಂದಿಲ್ಲ. ಮನೆಯಲ್ಲಿ ಕನ್ನಡ ನಿಘಂಟಿದ್ದರೆ ಕಣ್ಣು ಮುಚ್ಚಿ ಪುಟ ತೆಗೆದು ಬೆರಳಿಡಿ, ಐದಾರು ಸಲ. ಕುಂಟೆ, ನವಿಲು, ಗಡಿಯಾರ, ಮಜ್ಜಿಗೆ, ಬುಧವಾರ, ಹಗ್ಗ. ಇದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ನಡುವೆ ಗೆರೆ ಹಾಕಿ ಬರೆದರೆ ಮುಗಿಯಿತು. ಜಾಲತಾಣ ದೊಡ್ಡಕ್ಷರ, ಅಂಕಿ ಕೇಳಿದರೆ ಒಂದೊಂದು ಸೇರಿಸಿ. ಕುಂಟೆ ಹೊಡೆಯುವ ನವಿಲನ್ನು ಒಮ್ಮೆ ಕಲ್ಪಿಸಿಕೊಂಡರೆ ಮರೆಯುವುದು ಕಷ್ಟ. ಇದೇ ಸಾಲನ್ನು ಮಾತ್ರ ಬಳಸಬೇಡಿ, ಪತ್ರಿಕೆಯಲ್ಲಿ ಅಚ್ಚಾದದ್ದು ಗುಟ್ಟಲ್ಲ. ಗಾದೆ, ವಚನ, ಸಿನಿಮಾ ಹಾಡಿನ ಸಾಲುಗಳೂ ಬೇಡ, ನಿಮಗೆ ಬಾಯಿಪಾಠ ಆದದ್ದು ಇನ್ನೂ ಲಕ್ಷ ಜನಕ್ಕೆ ಬಾಯಿಪಾಠ ಆಗಿದೆ.

ಎಷ್ಟೇ ಗಟ್ಟಿ ಪಾಸ್‌ವರ್ಡ್ ಇದ್ದರೂ ಅದನ್ನೇ ಎಲ್ಲ ಕಡೆ ಇಟ್ಟರೆ ದುಡಿಮೆ ನೀರುಪಾಲು. ಒಂದು ಕಡೆ ಸೋರಿದ ಇ-ಮೇಲ್, ಪಾಸ್‌ವರ್ಡ್ ಜೋಡಿಯನ್ನು ಕಳ್ಳರ ಯಂತ್ರಗಳು ಜಿಮೇಲ್, ಫೇಸ್‌ಬುಕ್, ಅಮೆಜಾನ್ ಎಂದು ಸಾಲಾಗಿ ಹಚ್ಚಿ ನೋಡುತ್ತವೆ. 2021ರಲ್ಲಿ ಅಮೆರಿಕದ ಪೂರ್ವ ಕರಾವಳಿಗೆ ಇಂಧನ ಸಾಗಿಸುವ ಕಲೋನಿಯಲ್ ಪೈಪ್‌ಲೈನ್ ನಿಂತುಹೋಗಿ ಪೆಟ್ರೋಲ್ ಬಂಕುಗಳ ಮುಂದೆ ಸಾಲು ಹಚ್ಚಿದ್ದಕ್ಕೆ ಕಾರಣ ಬಳಕೆಯಲ್ಲಿಲ್ಲದ ಒಂದು ಹಳೆಯ ಖಾತೆಯ ಮೂಲಕ ಒಳಹೊಕ್ಕ ಕಳ್ಳರು. ಅದರ ಪಾಸ್‌ವರ್ಡ್ ಬೇರೆಲ್ಲೋ ಸೋರಿದ್ದ ಪಟ್ಟಿಯಲ್ಲಿ ಸಿಕ್ಕಿತು. ನಮ್ಮ ಸೀಮೆಯ ದೊಡ್ಡ ಒಕ್ಕಲುಮನೆಗಳು ಇದ್ದಬದ್ದ ಜೋಳವನ್ನೆಲ್ಲ ನೆಲದೊಳಗಿನ ಒಂದೇ ಹಗೇವಿನಲ್ಲಿ ತುಂಬುತ್ತಿರಲಿಲ್ಲ. ಒಂದಕ್ಕೆ ನೀರು ಹೊಕ್ಕರೆ ಇನ್ನೊಂದರದಾದರೂ ಉಣ್ಣಲು ಉಳಿಯಲಿ ಎಂಬ ಲೆಕ್ಕ. ಇ-ಮೇಲ್, ಬ್ಯಾಂಕು, ವಾಟ್ಸ್‌ಆ್ಯಪ್ ಪಿನ್ನು, ಇಷ್ಟಾದರೂ ಬೇರೆ ಬೇರೆ ಇರಲಿ.

ಇಷ್ಟೆಲ್ಲ ನೆನಪಿಡುವವರು ಯಾರು? ಯಾರೂ ಅಲ್ಲ. ಬರೆದಿಡಿ. ಬರೆಯಬಾರದು ಎಂಬ ಉಪದೇಶ ಆಫೀಸಿನ ಕಂಪ್ಯೂಟರಿಗೆ ಚೀಟಿ ಅಂಟಿಸುವವರಿಗೆ ಹೇಳಿದ್ದು. ಭದ್ರತೆಯ ವಿಷಯದಲ್ಲಿ ಜಗತ್ತು ಕಿವಿಗೊಡುವ ಬ್ರೂಸ್ ಶ್ನಾಯರ್ 2005ರಲ್ಲೇ ಹೇಳಿದ್ದರು: ನೆನಪಿಡಲಾಗದಷ್ಟು ಗಟ್ಟಿ ಪಾಸ್‌ವರ್ಡ್ ಇಟ್ಟು, ಚೀಟಿಯಲ್ಲಿ ಬರೆದು, ದುಡ್ಡಿನ ಜೊತೆ ಜೇಬಿನಲ್ಲಿಟ್ಟುಕೊಳ್ಳಿ ಎಂದು. ಬಿಹಾರದಲ್ಲೋ ಕಾಂಬೋಡಿಯಾದಲ್ಲೋ ಕುಳಿತ ಕಳ್ಳನಿಗೆ ಸಾವಳಗಿಯ ನಿಮ್ಮ ಟ್ರಂಕಿನೊಳಗಿನ ವಹಿ ಕಾಣುವುದಿಲ್ಲ. ಹೊಲದ ಉತಾರ, ಬಂಗಾರದ ಪಾವತಿ ಇಡುವ ಜಾಗದಲ್ಲೇ ಆ ವಹಿಯೂ ಇರಲಿ. ಫೋಟೋ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಇಟ್ಟುಕೊಂಡರೆ ಅದು ವಹಿಯಲ್ಲ, ಡಂಗುರ. ಸ್ವಂತ ಸ್ಮಾರ್ಟ್‌ಫೋನ್ ಇದ್ದು, ಅದರ ಲಾಕ್ ಮನೆಮಂದಿಗೆಲ್ಲ ಗೊತ್ತಿಲ್ಲದಿದ್ದರೆ ಪಾಸ್‌ವರ್ಡ್ ಮ್ಯಾನೇಜರ್ ಇನ್ನೂ ಒಳ್ಳೆಯದು. ಆಂಡ್ರಾಯ್ಡ್ ಫೋನುಗಳಲ್ಲಿ ಗೂಗಲ್‌ನದು ಪುಕ್ಕಟೆ ಇದ್ದೇ ಇದೆ. ಆದರೆ ಮೂರು ಜನಕ್ಕೆ ಒಂದು ಫೋನು, ಮಗು ಕಾರ್ಟೂನ್ ನೋಡಲು ಪ್ಯಾಟರ್ನ್ ಕಲಿತಿರುವ ಮನೆಗಳಲ್ಲಿ ನನ್ನ ಓಟು ವಹಿಗೇ.

ಇನ್ನು ಎರಡನೆಯ ಬೀಗ. 2025ರ ಸೆಪ್ಟೆಂಬರಿನಲ್ಲಿ ನಟ ಉಪೇಂದ್ರ ಮತ್ತು ಅವರ ಪತ್ನಿ ಪ್ರಿಯಾಂಕಾ ಅವರ ವಾಟ್ಸ್‌ಆ್ಯಪ್ ಖಾತೆಗಳು ಕಳ್ಳರ ಪಾಲಾದ ಸುದ್ದಿ ಎಲ್ಲರೂ ಓದಿದ್ದೇವೆ. ಪಾರ್ಸೆಲ್ ಬಂದಿದೆ ಎಂಬ ನೆಪ, ನಕ್ಷತ್ರ ಚಿಹ್ನೆ ಮತ್ತು ಹ್ಯಾಶ್ ಚಿಹ್ನೆಯ ನಡುವೆ ಒಂದಿಷ್ಟು ಅಂಕಿ ಒತ್ತಿ ಎಂಬ ಕೋರಿಕೆ. ಇಂಥ ಕೆಲವು ಸಂಕೇತಗಳು ನಮಗೆ ಬರುವ ಕರೆಯನ್ನು ಇನ್ನೊಂದು ನಂಬರಿಗೆ ತಿರುಗಿಸುತ್ತವೆ. ವಾಟ್ಸ್‌ಆ್ಯಪ್ ತನ್ನ ಆರಂಕಿಯ ಓಟಿಪಿಯನ್ನು ಕರೆ ಮಾಡಿಯೂ ಹೇಳುತ್ತದೆ. ಕರೆ ಕಳ್ಳನಿಗೆ ಹೋದರೆ ಖಾತೆಯೂ ಅವನದೇ. ಅವರ ಹೆಸರಿನಲ್ಲಿ ಪರಿಚಿತರಿಗೆ ತುರ್ತಾಗಿ ಹಣ ಬೇಕೆಂಬ ಸಂದೇಶ ಹೋಯಿತು, ಕೆಲವರು ನಂಬಿ ಕಳಿಸಿದರು. ಉಪೇಂದ್ರ ಅವರೇ ವಿಡಿಯೊ ಮಾಡಿ ಜನರನ್ನು ಎಚ್ಚರಿಸಿದರು. ಪ್ರಸಿದ್ಧರಾದ್ದರಿಂದ ಅವರ ಮಾತು ಊರಿಗೆಲ್ಲ ಮುಟ್ಟಿತು. ದ್ರಾಕ್ಷಿ ಬೆಳೆಗಾರನ ವಾಟ್ಸ್‌ಆ್ಯಪ್ ಹೋಗಿ, ತಾಸಗಾಂವದ ವ್ಯಾಪಾರಿಗೆ ಅವನ ಹೆಸರಿನಲ್ಲಿ “ಅರ್ಜೆಂಟ್ ಐತಿ, ಐವತ್ತು ಸಾವಿರ ಹಾಕ್ರಿ” ಎಂಬ ಸಂದೇಶ ಹೋದರೆ ಎಚ್ಚರಿಸುವವರು ಯಾರು? ವಾಟ್ಸ್‌ಆ್ಯಪ್ ಸೆಟ್ಟಿಂಗ್ಸ್, ಅದರೊಳಗೆ ಅಕೌಂಟ್, ಅದರೊಳಗೆ ಎರಡು ಹಂತದ ಪರಿಶೀಲನೆ. ಅಲ್ಲಿ ಆರಂಕಿಯ ಪಿನ್ ಇಟ್ಟರೆ ಓಟಿಪಿ ಒಂದೇ ಸಿಕ್ಕವನಿಗೆ ಬಾಗಿಲು ತೆರೆಯುವುದಿಲ್ಲ. ಎರಡು ನಿಮಿಷದ ಕೆಲಸ. ಜಿಮೇಲ್‌ಗೂ ಇದೇ ವ್ಯವಸ್ಥೆ ಇದೆ. ಅಲ್ಲಿ ಸಿಗುವ ಹತ್ತು ಬ್ಯಾಕಪ್ ಕೋಡ್‌ಗಳನ್ನು ವಹಿಯಲ್ಲಿ ಬರೆದುಕೊಳ್ಳಿ, ಫೋನ್ ಕಾಲುವೆಗೆ ಬಿದ್ದ ದಿನ ಬೇಕಾಗುತ್ತವೆ.

ಪಿಎಂ ಕಿಸಾನ್ ಹೆಸರಿನಲ್ಲಿ, ಆರ್‌ಟಿಒ ದಂಡದ ಹೆಸರಿನಲ್ಲಿ, ಕೊನೆಗೆ ಮದುವೆ ಆಮಂತ್ರಣದ ಹೆಸರಿನಲ್ಲೂ ವಾಟ್ಸ್‌ಆ್ಯಪ್‌ನಲ್ಲಿ ಬರುವ ಎಪಿಕೆ ಕಡತವನ್ನು ಒತ್ತಬೇಡಿ. ಒತ್ತಿದರೆ ಅದು ಆ್ಯಪ್ ಆಗಿ ಕುಳಿತು ನಿಮ್ಮ ಎಸ್‌ಎಂಎಸ್ ಓದುತ್ತದೆ, ಓಟಿಪಿ ನಿಮಗಿಂತ ಮೊದಲು ಕಳ್ಳನಿಗೆ ತಲುಪುತ್ತದೆ. ಇಷ್ಟಾದ ಮೇಲೆ ಗಟ್ಟಿ ಪಾಸ್‌ವರ್ಡಿನಿಂದ ಪ್ರಯೋಜನವಿಲ್ಲ.

ಸಿಮ್ ಬದಲಿಸುವ ಚಾಳಿಯ ಬಗ್ಗೆ ಯಾರೂ ಹೇಳುವುದಿಲ್ಲ. ಕಬ್ಬು ಕಡಿಯಲು, ಇಟ್ಟಂಗಿ ಭಟ್ಟಿಗೆ, ಗೋವಾಕ್ಕೆ ದುಡಿಯಲು ಹೋದಲ್ಲೆಲ್ಲ ಹೊಸ ಸಿಮ್ ಕೊಂಡು ಹಳೆಯದನ್ನು ಎಸೆಯುವವರು ಬಹಳ. ಬಂದಾದ ಸಂಖ್ಯೆಯನ್ನು ಕನಿಷ್ಠ 90 ದಿನ ಇಟ್ಟುಕೊಂಡು ಆಮೇಲೆ ಕಂಪನಿ ಬೇರೆಯವರಿಗೆ ಕೊಡಬಹುದು. ಅದರ ಹಳೆಯ ಮಾಹಿತಿ ದುರ್ಬಳಕೆಯಾಗದಂತೆ ನೋಡಿಕೊಳ್ಳುವುದು ಗ್ರಾಹಕನ ಹೊಣೆ ಎಂಬರ್ಥದಲ್ಲೇ 2023ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಿಮ್ಮ ಬ್ಯಾಂಕ್ ಖಾತೆಗೆ ಆ ಹಳೆಯ ನಂಬರೇ ಜೋಡಣೆಯಾಗಿದ್ದರೆ, ಓಟಿಪಿ ಯಾವುದೋ ಊರಿನ ಅಪರಿಚಿತನ ಫೋನಿಗೆ ಹೋಗುತ್ತದೆ. ಸಿಮ್ ಎಸೆಯುವ ಮುಂಚೆ ಬ್ಯಾಂಕು, ಆಧಾರ್, ಜಿಮೇಲ್ ಮೂರರಲ್ಲೂ ನಂಬರ್ ಬದಲಿಸಿ. ನಿಮ್ಮ ಹೆಸರಿನಲ್ಲಿ ಒಟ್ಟು ಎಷ್ಟು ಸಿಮ್ ಇವೆ ಎಂದು ಕೇಂದ್ರ ಸರ್ಕಾರದ ಸಂಚಾರ್ ಸಾಥಿ ತಾಣದಲ್ಲಿ ನೋಡಲು ಬರುತ್ತದೆ. ನೋಡಿದವರು ಕೆಲವೊಮ್ಮೆ ಬೆಚ್ಚುತ್ತಾರೆ.

ಪಾಸ್‌ವರ್ಡ್ ರಗಳೆಯೇ ಬೇಡ, ಹೆಬ್ಬೆಟ್ಟು ಸಾಕು ಎನ್ನುವವರಿಗೆ 2023ರ ಪಾಠವಿದೆ. ಆಸ್ತಿ ನೋಂದಣಿಯ ಕಾವೇರಿ ತಾಣದಿಂದ ಖರೀದಿ ಪತ್ರಗಳ ಪ್ರತಿ ತೆಗೆದು, ಅವುಗಳಲ್ಲಿದ್ದ ಬೆರಳಚ್ಚು ಮತ್ತು ಆಧಾರ್ ಸಂಖ್ಯೆ ಬಳಸಿ, ಆಧಾರ್ ಆಧಾರಿತ ಪಾವತಿಯ ಮೂಲಕ ಜನರ ಖಾತೆಯಿಂದ ಹಣ ತೆಗೆದ ಪ್ರಕರಣಗಳು ಬೆಂಗಳೂರಿನಲ್ಲಿ ಬೆಳಕಿಗೆ ಬಂದವು. ಆಮೇಲೆ ಇಲಾಖೆ ಪತ್ರಗಳಲ್ಲಿ ಬೆರಳಚ್ಚು ಕಾಣದಂತೆ ಮರೆಮಾಡಲು ಮುಂದಾಯಿತು. ಪಾಸ್‌ವರ್ಡ್ ಸೋರಿದರೆ ಹೊಸದು ಇಡಬಹುದು, ಹೆಬ್ಬೆಟ್ಟು ಸೋರಿದರೆ ಇನ್ನೊಂದು ತರುವುದು ಎಲ್ಲಿಂದ? ಆಧಾರ್ ಪ್ರಾಧಿಕಾರದ ತಾಣ ಅಥವಾ ಆ್ಯಪ್‌ನಲ್ಲಿ ಬಯೋಮೆಟ್ರಿಕ್‌ಗೆ ಬೀಗ ಹಾಕಲು ಬರುತ್ತದೆ. ಬೀಗ ಇದ್ದಾಗ ನ್ಯಾಯಬೆಲೆ ಅಂಗಡಿಯಲ್ಲೂ ಬೆರಳು ಹೊಂದುವುದಿಲ್ಲ, ಹೋಗುವ ಮುಂಚೆ ತೆಗೆಯಬೇಕು. ಮನೆಯಲ್ಲಿ ಯಾರ ಬೆರಳಿನಿಂದ ರೇಷನ್ ತರುತ್ತೀರೋ ಅವರೊಬ್ಬರನ್ನು ಬಿಟ್ಟು ಉಳಿದವರದಕ್ಕೆ ಬೀಗ ಜಡಿಯುವುದು ನಡೆಯುವ ಮಾತು.

ಇನ್ನೊಬ್ಬರ ಪಾಸ್‌ವರ್ಡನ್ನು ಮೋಸದಿಂದ ಬಳಸಿದವನಿಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನಡಿ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಇದೆ. ಹಣ ಹೋದರೆ 1930ಕ್ಕೆ ಕೂಡಲೇ ಕರೆ ಮಾಡಿ. ಕದ್ದ ಹಣ ಖಾತೆಯಿಂದ ಖಾತೆಗೆ ಹಾರಿ ನಗದಾಗುವ ಮುಂಚೆ ತಡೆಯಲು ಸಿಗುವುದು ಕೆಲವೇ ಗಂಟೆ. ಮಾನ ಹೋದೀತೆಂದು ರಾತ್ರಿಯಿಡೀ ಸುಮ್ಮನಿದ್ದು ಮರುದಿನ ಮಗನಿಗೆ ಹೇಳುವವರೇ ಹೆಚ್ಚು ಕಳೆದುಕೊಳ್ಳುತ್ತಾರೆ. ದೇಶದ ಮೊದಲ ಸೈಬರ್ ಅಪರಾಧ ಠಾಣೆ 2001ರಲ್ಲಿ ಶುರುವಾದದ್ದು ನಮ್ಮ ರಾಜ್ಯದಲ್ಲೇ, ಈಗ ಬಾಗಲಕೋಟೆಯಲ್ಲೂ ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ ಸಿಇಎನ್ ಠಾಣೆ ಇದೆ.

ಆದರೆ ಠಾಣೆ ಕಳವಾದ ಮೇಲಿನ ಮಾತು. ಅದಕ್ಕೂ ಮುಂಚಿನದನ್ನು ಕಲಿಸುವವರು ಊರಲ್ಲೇ ಬೇಕು. ಸರ್ಕಾರ ಕಟ್ಟಿಕೊಡಲಿ ಎಂದು ಕಾಯದೆ ರೈತರೇ ಹಣ ಕೂಡಿಸಿ, ಬೆವರು ಸುರಿಸಿ, 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಅಡ್ಡಲಾಗಿ ಬ್ಯಾರೇಜ್ ಎತ್ತಿದ ಸೀಮೆ ಇದು. ಅದರ ಮುಂದೆ ಈ ಕೆಲಸ ಏನೂ ಅಲ್ಲ. ಗ್ರಾಮ ಪಂಚಾಯ್ತಿಗಳ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಪಿಯುಸಿ ಓದುವ ಮಕ್ಕಳನ್ನು ಅಲ್ಲಿ ವಾರಕ್ಕೆ ಒಂದು ತಾಸು ಕೂರಿಸಿ. ಬಂದ ಹಿರಿಯರ ಫೋನಿನಲ್ಲಿ ವಾಟ್ಸ್‌ಆ್ಯಪ್ ಪಿನ್ ಇಟ್ಟುಕೊಡಲಿ, ಜಿಮೇಲ್‌ನ ನಂಬರ್ ಸರಿಪಡಿಸಲಿ, ಪಾಸ್‌ವರ್ಡ್ ಒತ್ತುವಾಗ ಮುಖ ಆಚೆ ತಿರುಗಿಸಲಿ. ಆನ್‌ಲೈನ್ ಸೆಂಟರ್‌ನವರಿಗೂ ಒಂದು ವಿನಂತಿ: ಆ ರಿಜಿಸ್ಟರಿನಲ್ಲಿ ಪಾಸ್‌ವರ್ಡ್ ಎಂಬ ಕಾಲಂ ಇನ್ನು ಬೇಡ. ಇರುವ ಪುಟಗಳಲ್ಲಿ ಅದನ್ನು ಗೀಚಿ ಅಳಿಸಿ, ಗಿರಾಕಿಗೆ ಹೊಸದು ಇಟ್ಟುಕೊಳ್ಳಲು ಹೇಳಿ. ನಾಳೆ ಯಾರದೋ ಖಾತೆಯಲ್ಲಿ ಏನೋ ಆದರೆ ಪೊಲೀಸರು ಮೊದಲು ಕೇಳುವುದು ಆ ರಿಜಿಸ್ಟರ್ ಯಾರ ಹತ್ತಿರ ಇತ್ತು ಎಂದೇ.